ಟೆಸ್ಟ್‌ಗೂ ಒಂದು ದಾರಿ ಬಿಡು, ಪುಟ್ಟಿ

ಹಾಸನ

ಪ್ರೀತಿಯ ಪುಟ್ಟಿಗೆ,

ನಿನ್ನ ಮಾವನ ಆಶೀರ್ವಾದಗಳು. ನಾವೆಲ್ಲ ಚೆನ್ನಾಗಿದ್ದೇವೆ.

ಮೊನ್ನೆ ಫೋನಿನಲ್ಲಿ ನೀನು ಬೇಸರ ಮಾಡಿಕೊಂಡಿದ್ದೆ. ಟೆಸ್ಟ್ ಟೀಮಿನವರು ನಿನ್ನ ಚಿಪ್ಪಿನ ಡಿಸೈನನ್ನು ವಾಪಸ್ ಕಳಿಸಿದ್ದಾರೆ, ಒಂದೊಂದು ಬಿಟ್ ನೆನಪಿಟ್ಟುಕೊಳ್ಳುವ ಪ್ರತಿ ಫ್ಲಿಪ್‌ಫ್ಲಾಪ್ ಮುಂದೂ ಒಂದು ಮಕ್ಸ್, ಅಂದರೆ ಎರಡು ದಾರಿಯಲ್ಲಿ ಒಂದನ್ನು ಆರಿಸುವ ಸ್ವಿಚ್, ಹಾಕು ಅಂತಾರೆ, ಜಾಗವೂ ಜಾಸ್ತಿ, ಸಿಗ್ನಲ್ ತಡವಾಗಿ ಟೈಮಿಂಗೂ ಕೆಡುತ್ತೆ ಅಂದೆ. ನಿಜ, ಎರಡೂ ಆಗುತ್ತದೆ. ಆದರೂ ಅವರ ಮಾತು ಕೇಳು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದು ಬೋರ್ಡಿಗೆ 24 ಬಿಟ್ ಕೌಂಟರ್ ಹಾಕಿದ್ದೆ. ಎಣಿಕೆಯನ್ನು ಸೊನ್ನೆಗೆ ತರುವ ರಿಸೆಟ್ ಪಿನ್ ಬೇಕಾಗಿರಲಿಲ್ಲ ಅಂತ ನೇರವಾಗಿ ಸಪ್ಲೈಗೆ ಕಟ್ಟಿಬಿಟ್ಟೆ. ಆಮೇಲೊಮ್ಮೆ ಬೋರ್ಡ್ ಕೆಟ್ಟಿತು, ದೋಷ ಹುಡುಕಬೇಕಾಯಿತು. ಪವರ್ ಕೊಟ್ಟರೆ ಕೌಂಟರ್ ಯಾವ ಸಂಖ್ಯೆಯಿಂದ ಶುರುವಾಗುತ್ತದೋ ಯಾರಿಗೂ ಗೊತ್ತಿಲ್ಲ. ಸೊನ್ನೆಯಿಂದಲೇ ಶುರುವಾದರೂ ಎಲ್ಲಕ್ಕಿಂತ ಮೇಲಿನ ಬಿಟ್ ಒಂದಾಗಬೇಕಾದರೆ 83,88,608 ಕ್ಲಾಕ್ ಮಿಡಿತ ಬೇಕು. ಎರಡು ದಿನ ಪ್ರೋಬ್ ಹಿಡಿದು ಕೂತೆ. ಕೊನೆಗೆ ಹಿರಿಯರೊಬ್ಬರು ಬಂದು ಕೌಂಟರನ್ನು ಎಂಟೆಂಟು ಬಿಟ್‌ನ ಮೂರು ತುಂಡು ಮಾಡಿಸಿದರು. ಟೆಸ್ಟ್ ಮಾಡುವಾಗ ಮೂರೂ ಒಟ್ಟಿಗೆ ಎಣಿಸಬೇಕು. 256 ಕ್ಲಾಕಿಗೆ ಮುಗಿಯಿತು, ಒಂದು ತುಂಡಿನಿಂದ ಮುಂದಿನದಕ್ಕೆ ದಾಟುವ ಕ್ಯಾರಿ ನೋಡಲು ಇನ್ನೊಂದಿಷ್ಟು. ರಿಸೆಟ್ಟನ್ನು ಒಂದು ರೆಸಿಸ್ಟರ್ ಮೂಲಕ ಕಟ್ಟಿದ್ದರೂ ಸಾಕಿತ್ತು, ಪ್ರೋಬಿನಿಂದ ಸೊನ್ನೆಗೆ ಎಳೆಯಬಹುದಿತ್ತು. ಒಂದೇ ಒಂದು ರೆಸಿಸ್ಟರ್! ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿ ಕೂತಿದೆ.

ನಮ್ಮೂರಿನ ಇಸ್ರೋ ಕೇಂದ್ರ ನಿನಗೆ ಗೊತ್ತಲ್ಲ. ಅಲ್ಲಿಂದ ನೋಡಿಕೊಳ್ಳುವ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಮೇಲಿರುತ್ತವೆ. ಕೆಟ್ಟರೆ ಹತ್ತಿ ನೋಡಲು ಆಗಲ್ಲ. ಒಳಗೆ ಏನೇನು ಅಳೆದು ಕೆಳಗೆ ಕಳಿಸಬೇಕು, ಕೆಳಗಿನ ಯಾವ ಯಾವ ಆಜ್ಞೆ ಕೇಳಬೇಕು, ಎಲ್ಲವನ್ನೂ ಹಾರುವ ಮೊದಲೇ ಅದರೊಳಗೆ ಇಟ್ಟಿರಬೇಕು. ಪ್ಯಾಕೇಜ್ ಆದ ಮೇಲೆ ನಿನ್ನ ಚಿಪ್ ಕೂಡ ಅಷ್ಟೇ ದೂರ ಅಲ್ವಾ? ಒಳಗಿನ ಗೇಟು, ಅಂದರೆ ಸೊನ್ನೆ ಒಂದರ ಲೆಕ್ಕ ಮಾಡುವ ಪುಟ್ಟ ಸರ್ಕ್ಯೂಟು, ಕಣ್ಣಿಗೂ ಕಾಣಲ್ಲ, ಕೈಗೂ ಸಿಗಲ್ಲ.

ಆ ಮಕ್ಸ್ ಇರುವುದು ಅದಕ್ಕೇ. ಟೆಸ್ಟ್ ಹೊತ್ತಿನಲ್ಲಿ ಫ್ಲಿಪ್‌ಫ್ಲಾಪ್‌ಗಳೆಲ್ಲ ಒಂದರ ಹಿಂದೆ ಒಂದು ಸಾಲು ನಿಲ್ಲುತ್ತವೆ. ಬೇಕಾದ ಸೊನ್ನೆ, ಒಂದುಗಳನ್ನು ಒಂದು ತುದಿಯಿಂದ ತಳ್ಳುತ್ತಾರೆ. ಒಂದು ಕ್ಲಾಕ್ ಮಾಮೂಲಿಯಾಗಿ ಓಡಿಸುತ್ತಾರೆ. ಬಂದ ಉತ್ತರವನ್ನು ಇನ್ನೊಂದು ತುದಿಯಿಂದ ಹೊರಗೆ ತಂದು ನೋಡುತ್ತಾರೆ. ಹಳೆಯ ಸ್ಥಿತಿ ನೆನಪಿಟ್ಟುಕೊಳ್ಳುವ ಗೋಜಲು ಸರ್ಕ್ಯೂಟ್, ಟೆಸ್ಟ್ ಮಾಡುವವರ ಪಾಲಿಗೆ ಬರೀ ಗೇಟುಗಳ ಲೆಕ್ಕವಾಗುತ್ತದೆ.

ಇಷ್ಟೆಲ್ಲ ಯಾಕೆ, ಎಲ್ಲ ಇನ್‌ಪುಟ್ಟನ್ನೂ ಕೊಟ್ಟು ನೋಡಿದರಾಯಿತು ಅನ್ನಬೇಡ. ಎರಡು 32 ಬಿಟ್ ಸಂಖ್ಯೆ ಕೂಡಿಸುವ ಆಡರ್ ತಗೊ. ಸೆಕೆಂಡಿಗೆ 100 ಕೋಟಿ ಜೋಡಿ ಕೊಟ್ಟರೂ ಮುಗಿಯಲು 580 ವರ್ಷ ದಾಟುತ್ತದೆ. ಅದಕ್ಕೇ ಪ್ರತಿ ತಂತಿಯೂ ಸೊನ್ನೆಗೆ ಅಂಟಿಕೊಂಡರೆ ಏನು, ಒಂದಕ್ಕೆ ಅಂಟಿಕೊಂಡರೆ ಏನು ಅಂತ ಹುಡುಕುತ್ತಾರೆ. ದೋಷ ಹಿಡಿಯಲು ಆ ತಂತಿಗೆ ಬೇಕಾದ ಬೆಲೆ ಮುಟ್ಟಿಸಲೂ ಆಗಬೇಕು, ಅದರ ಫಲ ಹೊರಗೆ ಕಾಣಲೂ ಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ದೋಷ ಸುಮ್ನೆ ಒಳಗೇ ಉಳಿಯುತ್ತದೆ, ಗಿರಾಕಿಯ ಮನೆಯಲ್ಲಿ ಹೊರಬರುತ್ತದೆ.

ಟೈಮಿಂಗ್ ನಿಜವಾಗಲೂ ಬಿಗಿಯಾಗಿರುವ ಕಡೆ ಅವರ ಜೊತೆ ಕೂತು ಮಾತಾಡು. ಒಂದೆರಡು ಫ್ಲಿಪ್‌ಫ್ಲಾಪ್ ಸಾಲಿನಿಂದ ಹೊರಗೆ ಬಿಡಲು ಅವರು ಒಪ್ಪಬಹುದು. ಸಿಟ್ಟು ಮಾಡಿಕೊಂಡು ಮೇಲ್ ಬರೆಯಬೇಡ.

ಇನ್ನೊಂದು ವಿಷಯ. ಚಿಪ್ಪಿನ ಒಳಗೇ ಹುಟ್ಟುವ ರಿಸೆಟ್ ಒಂದಿದೆ ಅಂತ ನೀನು ಅಂದಿದ್ದೆ. ಟೆಸ್ಟ್ ಹೊತ್ತಿನಲ್ಲಿ ಅದನ್ನು ಹೊರಗಿನ ಪಿನ್ನಿನಿಂದ ತಡೆಹಿಡಿಯಲು ಆಗುತ್ತದಾ? ಆಗದಿದ್ದರೆ ಬಿಟ್‌ಗಳನ್ನು ತಳ್ಳುತ್ತಿರುವಾಗಲೇ ಅದು ನಡುವೆ ಎದ್ದು ಎಲ್ಲವನ್ನೂ ಅಳಿಸಿಬಿಡುತ್ತದೆ. ಸೋಮವಾರ ಹೋದ ತಕ್ಷಣ ಅದನ್ನು ನೋಡು. ಸಂಜೆ ಫೋನ್ ಮಾಡು, ಕಾಯುತ್ತಿರುತ್ತೇನೆ.

ನಿನ್ನ ಪ್ರೀತಿಯ
ಮಾವ