ನನ್ನ ಮಗಳ ಮಾತಿಗೆ ಕಾದ ಅಕ್ಕನಿಗೆ

ಆಸ್ಪತ್ರೆಯಲ್ಲಿ ನಮ್ಮ ಪಕ್ಕ ಕುಳಿತಿದ್ದ ಅಕ್ಕ, ನಿಮ್ಮ ಹೆಸರು ಕೇಳುವಷ್ಟರಲ್ಲಿ ನಿಮ್ಮನ್ನು ಒಳಗೆ ಕರೆದರು. ಅದಕ್ಕೇ ಇಲ್ಲಿ ಧನ್ಯವಾದ ಹೇಳುತ್ತಿದ್ದೇನೆ.

ನನ್ನ ಪುಟ್ಟ ಮಗಳು "ನ-ನ-ನನ್ನ ಗೊಂಬೆ" ಎಂದು ಉಗ್ಗಿದಾಗ ನೀವು ಅವಳ ಮಾತನ್ನು ಪೂರ್ತಿ ಮಾಡಲಿಲ್ಲ. "ನಿಧಾನ, ಉಸಿರು ತಗೋ" ಎಂದೂ ಅನ್ನಲಿಲ್ಲ. ಅವಳ ಮುಖ ನೋಡುತ್ತಾ ಕಾದಿರಿ. ಆಮೇಲೆ ಗೊಂಬೆಯ ಬಗ್ಗೆಯೇ ಮಾತಾಡಿದಿರಿ. ಅಷ್ಟು ಗೌರವದಿಂದ ಅವಳನ್ನು ಕೇಳಿಸಿಕೊಂಡವರು ಕಡಿಮೆ.

ನಿಮ್ಮ ಮಗನಿಗೂ ಹೀಗಾಗಿತ್ತು ಎಂದಿರಿ. 2ರಿಂದ 5 ವರ್ಷದೊಳಗೆ ಉಗ್ಗು ಶುರುವಾಗುವುದು ಸಾಮಾನ್ಯ, ಹೆಚ್ಚಿನ ಮಕ್ಕಳಲ್ಲಿ ಹೋಗಿಬಿಡುತ್ತದೆ, ಬೆಳೆಸಿದ ರೀತಿಯಿಂದ ಬರುವುದಲ್ಲ ಎಂದಿರಿ. ಆ ಕೊನೆಯ ಮಾತಿನಿಂದ ನನಗೆ ಎಷ್ಟು ಹಗುರವಾಯಿತು ಗೊತ್ತಾ! ಹಾಗಂತ ಸುಮ್ನೆ ಕಾಯಬೇಡಿ ಎಂದೂ ಹೇಳಿದಿರಿ. 6 ತಿಂಗಳು ಕಳೆದರೂ ಹೋಗದಿದ್ದರೆ, ಮನೆತನದಲ್ಲಿ ಯಾರಿಗಾದರೂ ಉಗ್ಗು ಇದ್ದರೆ, ಮಾತಾಡುವಾಗ ಮಗುವಿನ ಮುಖ ಬಿಗಿಯುತ್ತಿದ್ದರೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಲೇಬೇಕು. ನಾವು ಹೋದೆವು. ನಿಮ್ಮ ಮಾತು ಕೇಳದಿದ್ದರೆ ಇನ್ನೂ ಮುಂದೂಡುತ್ತಿದ್ದೆವು.

ಈಗ ಮನೆಯಲ್ಲಿ ನಾವೇ ನಿಧಾನವಾಗಿ, ನಡುವೆ ಬಿಡುವು ಕೊಟ್ಟು ಮಾತಾಡುತ್ತೇವೆ. ಒಂದರ ಮೇಲೊಂದು ಪ್ರಶ್ನೆ ಕೇಳುವುದಿಲ್ಲ. ದಿನಾ 5 ನಿಮಿಷ ಫೋನ್ ಬದಿಗಿಟ್ಟು ಅವಳ ಜೊತೆ ಮಾತ್ರ ಇರುತ್ತೇವೆ. ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು. ಅವಳ ಅಣ್ಣನಿಗೆ ಇದು ತುಂಬಾ ಕಷ್ಟ, ಪಾಪ, ಆದರೂ ಕಾಯುತ್ತಾನೆ.

ಕೆಲವು ದಿನ ಸಲೀಸು, ಕೆಲವು ದಿನ ಜಾಸ್ತಿ ಉಗ್ಗುತ್ತಾಳೆ. ಆದರೆ ಮಾತು ಕಡಿಮೆ ಮಾಡಿಲ್ಲ. ನಿಮಗೂ ನಿಮ್ಮ ಮಗನಿಗೂ ನಮ್ಮೆಲ್ಲರ ಧನ್ಯವಾದ ಅಕ್ಕ.