ಹಳಿಯ ಮಟ್ಟಕ್ಕೆ ಕಣ್ಣಿಟ್ಟು ನೋಡು

ಪ್ರೀತಿಯ ಮಗಳೇ,

ನೀನು ಕಳಿಸಿದ ನಿನ್ನ ಪುಟ್ಟ ಮಾದರಿ ರೈಲಿನ ವಿಡಿಯೊವನ್ನು ಮೂರು ಸಲ ನೋಡಿದೆ. ಎಂಜಿನ್ ಪ್ರತಿ ಸಲವೂ ಅದೇ ತಿರುವಿನಲ್ಲಿ, ಅದೇ ಜೋಡಣೆಯ ಮೇಲೆ ಹಳಿ ತಪ್ಪುತ್ತಿದೆ. ಅದನ್ನು ಬಿಟ್ಟು ನೀನು ಎಂಜಿನ್ನಿನ ಸ್ಕ್ರೂಗಳನ್ನೆಲ್ಲ ಬಿಚ್ಚಿ ಹರಡಿಕೊಂಡು ಕೂತಿದ್ದೀಯಲ್ಲ! ಒಂದೇ ಗಾಡಿ ಎಲ್ಲೆಂದರಲ್ಲಿ ಬೀಳುತ್ತಿದ್ದರೆ ಆ ಗಾಡಿಯ ಚಕ್ರಗಳನ್ನು ನೋಡಬೇಕು. ಬೇರೆ ಬೇರೆ ಗಾಡಿಗಳು ಒಂದೇ ಕಡೆ ಎಡವುತ್ತಿದ್ದರೆ ತಪ್ಪು ಹಳಿಯದು. ಹಿಂದಿನಿಂದ ಬಂದ ಬೋಗಿಯೂ ಅಲ್ಲೇ ಸಣ್ಣಗೆ ಜಿಗಿದಿದೆ, ಗಮನಿಸು.

ಬೈಯುತ್ತಿಲ್ಲ. ನಾನೇ ಒಮ್ಮೆ ಹೀಗೆ ಎಂಜಿನ್ನಿನ ಮೇಲೆ ಗೂಬೆ ಕೂರಿಸಿ, ಚಕ್ರದ ಅಂಚನ್ನು ಅರದಿಂದ ಉಜ್ಜಿ ಹಾಳುಮಾಡಿದ್ದೇನೆ. ಕಪಾಟಿನ ಮೇಲೆ ಓಡದೆ ನಿಂತಿರುವ ಆ ಹಸಿರು ಎಂಜಿನ್ನಿನ ಕಥೆ ಅದೇ.

ಕೋಣೆಯ ದೀಪ ಆರಿಸು. ಜೋಡಣೆಯ ಆಚೆ ಟಾರ್ಚ್ ಇಟ್ಟು, ಈಚೆಯಿಂದ ಕೆನ್ನೆಯನ್ನು ಹಲಗೆಗೆ ತಾಗಿಸಿ ನೋಡು. ನಿಂತು ನೋಡಿದಾಗ ನುಣ್ಣಗೆ ಕಂಡ ತಿರುವು ಅಲ್ಲಿ ಮೊಣಕೈಯಂತೆ ಮುರಿದಿರುವುದು ಕಾಣುತ್ತದೆ. ಆಮೇಲೆ ಹಳಿಯ ಒಳ ಅಂಚಿನಲ್ಲಿ ಉಗುರು ಎಳೆ. ಉಗುರು ಸಿಕ್ಕಿಕೊಂಡಲ್ಲಿ ಚಕ್ರವೂ ಸಿಕ್ಕಿಕೊಳ್ಳುತ್ತದೆ. ನಿನ್ನದು 1:87 ಅಳತೆಯ ಎಚ್‌ಒ ಮಾದರಿ, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಅರ್ಧ ಮಿಲಿಮೀಟರ್ ಏರಿಳಿತವೆಂದರೆ ನಿಜವಾದ ರೈಲಿನ ಮುಂದೆ ನಾಲ್ಕು ಸೆಂಟಿಮೀಟರಿಗೂ ಮೀರಿದ ಮೆಟ್ಟಿಲು.

ಬಾಗುವ ಹಳಿ ಸ್ಪ್ರಿಂಗಿನಂತೆ. ಬಾಗಿಸಿದ ಮೇಲೆ ಜೋಡಿಸಿದರೆ ತುದಿಗಳು ನೆಟ್ಟಗಾಗಲು ಹವಣಿಸುತ್ತವೆ. ಆದ್ದರಿಂದ ಆ ಎರಡು ತುಂಡುಗಳನ್ನು ಕಿತ್ತು, ನೇರವಾಗಿ ಇಟ್ಟುಕೊಂಡೇ ಬೆಸುಗೆ ಹಾಕಿ, ಆಮೇಲೆ ಒಟ್ಟಿಗೆ ಬಾಗಿಸು. ಬೆಸುಗೆ ಹಾಕುವ ಕಡ್ಡಿ ಚೆನ್ನಾಗಿ ಕಾದಿರಲಿ, ಕೆಲಸ ಬೇಗ ಮುಗಿಯಲಿ. ತಡಮಾಡಿದರೆ ಹಳಿಯ ಕೆಳಗಿನ ಅಡ್ಡಪಟ್ಟಿಗಳು, ಆ ಪ್ಲಾಸ್ಟಿಕ್ ಸ್ಲೀಪರುಗಳು, ಕರಗುತ್ತವೆ. ಆ ಉತ್ಸಾಹದಲ್ಲಿ ಎಲ್ಲ ಜೋಡಣೆಗಳನ್ನೂ ಬೆಸೆಯಬೇಡ. ಹವೆ ಬದಲಾದಂತೆ ಮರದ ಹಲಗೆ ಹಿಗ್ಗುತ್ತದೆ, ಕುಗ್ಗುತ್ತದೆ. ನೇರ ಭಾಗದಲ್ಲಿ ಕೂದಲೆಳೆಯಷ್ಟು ಸಂದು ಬೇಕು. ಬೆಸೆಯದ ಕಡೆ, ಹಳಿಯ ಮೂಲಕ ಎಂಜಿನ್ನಿಗೆ ಹೋಗುವ ವಿದ್ಯುತ್ತಿಗೆ ಹಳಿಯ ತುದಿಗಳನ್ನು ಸೇರಿಸುವ ಲೋಹದ ಜಾಯಿನರನ್ನೇ ನಂಬದೆ, ಪ್ರತಿ ತುಂಡಿಗೂ ಕೆಳಗಿನಿಂದ ತಂತಿ ಕೊಡು. ಇನ್ನು ಮರಳು ಕಾಗದ ಹಳಿಯ ಹತ್ತಿರ ಸುಳಿಯಕೂಡದು! ಗೀರುಗಳಲ್ಲಿ ಕೊಳೆ ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆ ಸಾಕು.

ಎಂಜಿನ್ನಿನ ಅಲಂಕಾರದ ಬಗ್ಗೆ ನೀನು ಕೇಳಿದ್ದೆ. ಅಚ್ಚಿನಲ್ಲೇ ಮೂಡಿದ ಪ್ಲಾಸ್ಟಿಕ್ ಹಿಡಿಕೆಗಳನ್ನು ಕೆತ್ತಿ ತೆಗೆದು, 0.3 ಮಿಲಿಮೀಟರ್ ಹಿತ್ತಾಳೆ ತಂತಿ ಹಾಕು. 87ರಿಂದ ಗುಣಿಸಿ ನೋಡು: 26 ಮಿಲಿಮೀಟರ್, ಚಾಲಕ ಕೈಚಾಚಿ ಹಿಡಿಯುವಷ್ಟೇ ದಪ್ಪ. ರಂಧ್ರ ಕೊರೆಯಲು ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್ ಬಳಸು. ಮೊದಲು ಸೂಜಿಯಿಂದ ಗುರುತು ಚುಚ್ಚದಿದ್ದರೆ ಬಿಟ್ ಜಾರುತ್ತದೆ. ತುಕ್ಕಿನ ಬಣ್ಣದ ಮೇಲೆ ನಿನಗಿರುವ ಮೋಹ ಸ್ವಲ್ಪ ಜಾಸ್ತಿಯೇ. ದಿನವೂ ಓಡುವ ಉಗಿಬಂಡಿಯ ಮೇಲೆ ತುಕ್ಕಿಗಿಂತ ಮಸಿ ಹೆಚ್ಚು, ಕೆಳಭಾಗದಲ್ಲಿ ಕಂದು ಧೂಳು. ಆ ಬಣ್ಣಗಳ ಸೀಮೆಸುಣ್ಣದ ಪುಡಿಯನ್ನು ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ಎಳೆ. ಹಳಿಗೆ ತಾಗುವ ಚಕ್ರದ ಮೈಗೆ ಮಾತ್ರ ಏನೂ ಅಂಟಬಾರದು. ಅಂಟಿದರೆ ಎಂಜಿನ್ ನಿಂತು ನಿಂತು ಓಡುತ್ತದೆ.

ಹಳಿ ಸರಿಯಾದ ಮೇಲೆ ಮೊದಲು ಒಂದು ಖಾಲಿ ಬೋಗಿಯನ್ನು ಬೆರಳಿನಿಂದ ತಳ್ಳಿ ನೋಡು. ಅದರ ವಿಡಿಯೊ ಕಳಿಸು. ಈ ಸಲ ಹಿನ್ನೆಲೆ ಸಂಗೀತ ಬೇಡ, ಜೋಡಣೆಯ ಮೇಲೆ ಚಕ್ರ ದಾಟುವ ಸದ್ದು ನನಗೆ ಕೇಳಿಸಬೇಕು.

ನಿನ್ನ
ಅಪ್ಪ