ಕಾರ್ನಿವಲ್ ವೇಷಗಳಿಗೆ ಹೆಸರಿದೆ

ಮಾನ್ಯ ಸಂಪಾದಕರೇ,

ಕ್ರೈಸ್ತರ ಉಪವಾಸ ಕಾಲ ಆರಂಭವಾಗುವ ಬೂದಿ ಬುಧವಾರದ ಹಿಂದಿನ ಸೋಮವಾರ, ಮಂಗಳವಾರ ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಲ್ಲಿ ಕಾರ್ನಿವಲ್ ಎಂಬ ಬೀದಿ ವೇಷಗಳ ಹಬ್ಬ. ಪ್ರತಿ ಸಲವೂ ನಮ್ಮ ಪತ್ರಿಕೆಗಳಲ್ಲಿ ಗರಿ, ಮಣಿ ತೊಟ್ಟವರ ಚಿತ್ರವೇ ಬರುತ್ತದೆ. ಕೆಳಗೆ ‘ಬಣ್ಣಬಣ್ಣದ ವೇಷಧಾರಿಗಳು’ ಎಂಬ ಒಂದು ಸಾಲು. ಯಕ್ಷಗಾನದ ಬಣ್ಣದ ವೇಷವನ್ನೂ ಸ್ತ್ರೀವೇಷವನ್ನೂ ಬರೀ ‘ವೇಷಧಾರಿ’ ಎಂದು ಬರೆದರೆ ನಾವು ಒಪ್ಪುತ್ತೇವೆಯೇ? ಅಲ್ಲಿನ ಹಳೆಯ ಪಾತ್ರಗಳಿಗೂ ಹೆಸರಿದೆ, ಕಟ್ಟುವ ಕ್ರಮವಿದೆ.

ನಮ್ಮ ಕೀಲುಕುದುರೆ ಕಂಡವರಿಗೆ ‘ಬರೊಕೀಟ್’ ಎಂಬ ಕತ್ತೆ ವೇಷ ಸುಲಭವಾಗಿ ತಿಳಿಯುತ್ತದೆ. ಸ್ಪ್ಯಾನಿಷ್‌ನಲ್ಲಿ ಬರ‍್ರೊ ಎಂದರೆ ಕತ್ತೆ. ಬಿದಿರು ಅಥವಾ ತಂತಿಯ ಚೌಕಟ್ಟು, ನಡುವೆ ಸೊಂಟ ತೂರುವಷ್ಟು ಕಂಡಿ, ಹೆಗಲಿಗೆ ಎರಡು ಪಟ್ಟಿ, ಮುಂದೆ ಕಾಗದದ ತಿರುಳಿನಲ್ಲಿ ಮಾಡಿದ ತಲೆ, ಸುತ್ತಲೂ ಸ್ಯಾಟಿನ್ ಜಾಲರ. ಕಷ್ಟವೆಲ್ಲ ತೂಕದಲ್ಲಿದೆ. ತಲೆ ಭಾರವಾದರೆ ಚೌಕಟ್ಟು ಮುಂದಕ್ಕೆ ಬಾಗಿ ಕತ್ತೆ ಮುಗ್ಗರಿಸಿದಂತೆ ಕಾಣುತ್ತದೆ. ಆಗ ಬಾಲದ ಕಡೆಗೂ ಅಷ್ಟೇ ಭಾರ ಕೊಡಬೇಕು. ಪಟ್ಟಿಗಳನ್ನು ಬೆನ್ನ ಮೇಲೆ ಅಡ್ಡಹಾಯಿಸಿ ಕಟ್ಟದಿದ್ದರೆ ಕುಣಿಯುವಾಗ ಹೆಗಲಿನಿಂದ ಜಾರುತ್ತವೆ. ಜಾಲರ ನೆಲದಿಂದ ಎರಡು ಬೆರಳು ಮೇಲಿರಲಿ: ನೆಲ ಮುಟ್ಟಿದರೆ ಕಾಲಿಗೆ ಸಿಕ್ಕಿ ಹರಿಯುತ್ತದೆ, ಮೊಣಕಾಲಿಗೆ ಏರಿದರೆ ಒಳಗಿನ ಮನುಷ್ಯ ಕಾಣುತ್ತಾನೆ. ಇದೇ ಬಗೆಯ ಕುದುರೆ ವೇಷ ಅಲ್ಲಿನ ಭಾರತೀಯ ಮೂಲದವರಲ್ಲೂ ಉಂಟು, ಹೆಸರು ‘ಸುಮಾರಿ’. 1845ರಿಂದ ಕೂಲಿ ಕರಾರಿನ ಮೇಲೆ ಹಡಗೇರಿ ಹೋದವರ ಮಕ್ಕಳು ಮೊಮ್ಮಕ್ಕಳ ವೇಷ ಅದು. ನಮ್ಮ ಯಾವ ಪತ್ರಿಕೆಯಲ್ಲೂ ಅದರ ಒಂದು ಚಿತ್ರ ಬಂದದ್ದು ಕಾಣೆ. ಇದು ನಿಜಕ್ಕೂ ಬೇಸರದ ಸಂಗತಿ.

‘ಜ್ಯಾಬ್ ಮೊಲಾಸಿ’ ಎಂದರೆ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಪಿಶಾಚಿ. ಸಕ್ಕರೆ ತೋಟಗಳ ಗುಲಾಮಗಿರಿಯ ನೆನಪು ಹೆಸರಿನಲ್ಲೇ ಅಂಟಿದೆ. ಹಿಂದೆ ಮೈಗೆ ಕಾಕಂಬಿ ಇಲ್ಲವೇ ಡಾಂಬರು ಬಳಿಯುತ್ತಿದ್ದರು. ಪರಮಿನ್ ಗುಡ್ಡದ ಊರಿನವರು ಈಗ ನೀಲಿ ಬಳಿದುಕೊಳ್ಳುತ್ತಾರೆ. ಬಟ್ಟೆಗೆ ಹಾಕುವ ನೀಲಿಯನ್ನು ಬರೀ ನೀರಿನಲ್ಲಿ ಕಲಸಿದರೆ ಒಣಗಿ ಉದುರುತ್ತದೆ, ಬೆವರಿಗೆ ಇಳಿಯುತ್ತದೆ. ಜಿಡ್ಡು ಸೇರಿದರೆ ಹಿಡಿದುಕೊಳ್ಳುತ್ತದೆ. ಬಿಸ್ಕತ್ತಿನ ಡಬ್ಬದ ಬಡಿತಕ್ಕೆ ಕುಣಿಯುತ್ತ ಎದುರು ಬಂದವರ ಬಳಿ ಕಾಸು ಕೇಳುತ್ತಾರೆ. ಕೊಡದಿದ್ದರೆ ಮೈಯ ಬಣ್ಣ ನಿಮ್ಮ ಅಂಗಿಗೆ.

‘ಮೊಕೊ ಜಂಬಿ’ ಮರಗಾಲಿನ ಮೇಲೆ ನಡೆಯುವವನು, ಪಶ್ಚಿಮ ಆಫ್ರಿಕಾದಿಂದ ಬಂದ ಪಾತ್ರ. ಕಾಲಿಗೆ ಬಿಗಿದ ಕೋಲಿನ ಮೇಲೆ ಅಲ್ಲಾಡದೆ ನಿಂತರೆ ಉರುಳುತ್ತಾನೆ. ಅದಕ್ಕೇ ನಿಂತಲ್ಲೂ ಹೆಜ್ಜೆ ಬದಲಿಸುತ್ತಲೇ ಇರುತ್ತಾನೆ. ಮಹಡಿಯ ಮೊಗಸಾಲೆಯಲ್ಲಿ ನಿಂತವರಿಂದ ನೇರವಾಗಿ ಕೈಯೊಡ್ಡಿ ಕಾಸು ಪಡೆಯುತ್ತಿದ್ದುದು ಈ ಎತ್ತರದಿಂದಲೇ.

ಇನ್ನು ಮಾತಿನ ಪಾತ್ರಗಳು. ‘ಮಿಡ್‌ನೈಟ್ ರಾಬರ್’ಗೆ ಕೊಡೆಯಷ್ಟು ಅಗಲದ ಟೋಪಿ, ತಲೆಬುರುಡೆ ಬರೆದ ಮೇಲಂಗಿ, ಬಾಯಲ್ಲಿ ಸೀಟಿ. ದಾರಿ ಅಡ್ಡಗಟ್ಟಿ ತನ್ನ ಹುಟ್ಟನ್ನೂ ಪರಾಕ್ರಮವನ್ನೂ ಪ್ರಾಸ ಹಾಕಿ ಕೊಚ್ಚಿಕೊಳ್ಳುತ್ತಾನೆ. ‘ಪಿಯೆರೊ ಗ್ರೆನೇಡ್’ ಮೈತುಂಬ ಬಟ್ಟೆಚೂರು ಹೊಲಿದುಕೊಂಡ ಪಂಡಿತ. ಉದ್ದುದ್ದ ಪದಗಳನ್ನು ಒಂದೊಂದು ತುಣುಕಿಗೂ ಒಂದೊಂದು ಕಥೆ ಕಟ್ಟಿ ಬಿಡಿಸುತ್ತಾನೆ. ಮಾತು ಬಾರದವನಿಗೆ ಈ ಎರಡು ವೇಷ ಎಷ್ಟು ಚೆನ್ನಾಗಿ ಹೊಲಿದುಕೊಟ್ಟರೂ ನಿಲ್ಲುವುದಿಲ್ಲ.

ಮುಂದಿನ ಕಾರ್ನಿವಲ್‌ಗೆ ಚಿತ್ರ ಆರಿಸುವಾಗ ಇವುಗಳಲ್ಲಿ ಒಂದನ್ನಾದರೂ ಆರಿಸಿ, ಕೆಳಗೆ ಪಾತ್ರದ ಹೆಸರು ಹಾಕಿ. ಸುಮಾರಿಯ ಚಿತ್ರ ಸಿಕ್ಕರೆ ಅದನ್ನೇ ಮೊದಲು ಹಾಕಬೇಕೆಂದು ಕೋರಿಕೆ.

ಇತಿ,
ಜಾನಪದ ಆಸಕ್ತ ಓದುಗ, ಮೈಸೂರು